ಟಾರ್ಚಿಗೊಂದು ಅಂಗಿ

ಮಾರ್ಚ್ ೩, ಸೋಮವಾರ

ಹೆಂಡತಿ ಈ ಪುಸ್ತಕ ತಂದುಕೊಟ್ಟಿದ್ದಾಳೆ. ಅವಳು ಕೆಲಸ ಮಾಡುವ ಔಷಧಿ ಅಂಗಡಿಗೆ ಯಾವುದೋ ಕಂಪನಿಯವರು ಹಂಚಿದ ಡೈರಿ. ಪ್ರತಿ ಪುಟದ ಕೆಳಗೂ ಅಜೀರ್ಣದ ಮಾತ್ರೆಯ ಚಿತ್ರವಿದೆ. ‘ದಿನವಿಡೀ ನನ್ನ ತಲೆ ತಿನ್ನೋ ಬದಲು ಇದರಲ್ಲಿ ಬರೀರಿ’ ಅಂದಳು. ಸರಿ, ಇವತ್ತಿನಿಂದ ಇದರ ತಲೆ ತಿನ್ನುತ್ತೇನೆ.

ವಿಷಯ ಇಷ್ಟೇ. ಊರಿಗೆ ನೀರು ತರುವ ಸುರಂಗದೊಳಗೆ ಇಳಿದು ಗೋಡೆಯ ಬಿರುಕು ಹುಡುಕುವುದು ನನ್ನ ಕೆಲಸ. ಕಳೆದ ವಾರ ಏಣಿ ಇಳಿಯುವಾಗ ಕಾಲು ಜಾರಿತು, ಬಿದ್ದೆ. ಬಲಗಾಲಿನ ಮೂಳೆ ಎರಡು ಕಡೆ ಮುರಿದಿದೆ. ಅದರಲ್ಲಿ ಬರೆಯುವಂಥದ್ದು ಬೇರೇನೂ ಇಲ್ಲ.

ತೊಡೆಯವರೆಗೆ ಪ್ಲಾಸ್ಟರ್. ಮನೆ ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಆಸ್ಪತ್ರೆಯಿಂದ ಬಂದ ದಿನ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಒಂದೊಂದು ತಿರುವಿನಲ್ಲೂ ‘ನಿನ್ನ ಕಡೆ ಎತ್ತು, ನನ್ನ ಕಡೆ ತಗ್ಗಿಸು’ ಎಂದು ಬೀರು ಸಾಗಿಸುವವರ ಹಾಗೆ ಮಾತಾಡಿಕೊಂಡರು. ಬೀರುವಿನ ಅಭಿಪ್ರಾಯ ಯಾರೂ ಕೇಳಲಿಲ್ಲ.

ಇನ್ನು ಪ್ಲಾಸ್ಟರ್ ಬಿಚ್ಚುವವರೆಗೆ ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬಾಲ್ಕನಿ. ಹೆಂಡತಿ ಬೆಳಿಗ್ಗೆ ಹೋದರೆ ಬರುವುದು ಸಂಜೆ. ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಾಳೆ. ಯಾರಾದರೂ ಬಾಗಿಲು ತಟ್ಟಿದರೆ ನಾನು ಶೂರನ ಹಾಗೆ ಎದ್ದು ಹೋಗಿ ಇನ್ನೊಂದು ಕಾಲನ್ನೂ ಮುರಿದುಕೊಳ್ಳುತ್ತೇನಂತೆ. ಇನ್ನೊಂದು ಕೀಲಿ ಕೆಳಮನೆಯವರ ಹತ್ತಿರ ಇದೆ. ಸ್ವಂತ ಮನೆಯಲ್ಲಿ ಕೈದಿಯಾಗುವುದು ಅಂದರೆ ಇದೇ.

ಮಾರ್ಚ್ ೬, ಗುರುವಾರ

ಛಾವಣಿ ನೋಡಿದೆ. ಫ್ಯಾನಿನ ಕೊಂಡಿಯಿಂದ ಕಿಟಕಿಯವರೆಗೆ ಒಂದು ಬಿರುಕಿದೆ. ಅಪಾಯದ್ದಲ್ಲ. ನಿನ್ನೆಯೂ ಅಪಾಯದ್ದಾಗಿರಲಿಲ್ಲ.

ಮಾರ್ಚ್ ೧೧, ಮಂಗಳವಾರ

ಮೀಸೆ ಬಂದಿದ್ದ. ಮೀಸೆ ಬೋಳಿಸಿ ಯಾವ ಕಾಲವಾಯಿತೋ, ಹೆಸರು ಮಾತ್ರ ಹೋಗಿಲ್ಲ. ನಾವಿಬ್ಬರೂ ಜೋಡಿ. ಸುರಂಗಕ್ಕೆ ಇಳಿಯುವ ಗುಂಡಿಗೆ ನಾವು ಬಾವಿ ಅನ್ನುತ್ತೇವೆ. ನಾನು ಬಾವಿಗೆ ಇಳಿಯುತ್ತೇನೆ, ಅವನು ಮೇಲೆ ನಿಂತು ನನ್ನ ಸೊಂಟದ ಹಗ್ಗ ಹಿಡಿದಿರುತ್ತಾನೆ. ಅವತ್ತು ಅವನು ಹಗ್ಗ ಬಿಗಿ ಹಿಡಿದದ್ದಕ್ಕೆ ಕಾಲಿನಲ್ಲೇ ಮುಗಿಯಿತು. ಇಲ್ಲದಿದ್ದರೆ ಈ ಅಜೀರ್ಣದ ಡೈರಿಗೆ ಬೇರೆ ಯಾರನ್ನಾದರೂ ಹುಡುಕಬೇಕಿತ್ತು.

ಹಗ್ಗದ ಜೊತೆಗೆ ಟಾರ್ಚಿನ ಜವಾಬ್ದಾರಿಯೂ ಅವನದೇ. ಸಂಜೆ ಎಲ್ಲರ ಟಾರ್ಚಿನ ಸೆಲ್‌ಗಳನ್ನು ಚಾರ್ಜಿಗೆ ಹಾಕುವುದು, ಬೆಳಿಗ್ಗೆ ಒಬ್ಬೊಬ್ಬರ ಕೈಗೂ ಒಂದೊಂದು ಟಾರ್ಚ್ ಕೊಡುವುದು. ಸರಿಯಾಗಿ ಹತ್ತದ ಟಾರ್ಚುಗಳನ್ನೆಲ್ಲ ಒಂದು ಚಾರ್ಜರಿನ ಜೊತೆ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದಿದ್ದ.

‘ಹೀಗೇ ಕೂತಿದ್ರೆ ಬೇರು ಬಿಡ್ತೀಯ ಅಣ್ಣ. ಇವನ್ನಾದ್ರೂ ನೋಡು’ ಅಂದ.

‘ನಾನೇನು ರಿಪೇರಿಯವನಾ?’

‘ಅಲ್ಲ. ಆದ್ರೆ ಬೇರೆ ಏನು ಕೆಲಸ ಇದೆ ನಿನಗೆ?’

ನಮ್ಮಲ್ಲಿ ಒಂದು ಪದ್ಧತಿಯಿದೆ. ಟಾರ್ಚ್ ಕೈಜಾರಿ ಬಿದ್ದರೆ ಎತ್ತಿಕೊಂಡು ತೊಡೆಗೆ ಎರಡು ಸಲ ಬಡಿಯುತ್ತೇವೆ. ಹತ್ತಿಕೊಂಡರೆ ‘ಬದುಕಿದೆ’ ಎಂದು ಕೂಗಿ ಮುಂದಕ್ಕೆ ಹೋಗುತ್ತೇವೆ. ಸಂಜೆ ಅದೂ ಉಳಿದವುಗಳ ಜೊತೆ ಚಾರ್ಜಿಗೆ ಹೋಗುತ್ತದೆ. ಯಾವುದು ಬಿದ್ದದ್ದು, ಯಾವುದು ಬೀಳದ್ದು ಎಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ನಾನೂ ಹಾಗೆ ಬಡಿದವನೇ.

ಅವನು ಹೋದ ಮೇಲೆ ಯೋಚನೆ ಬಂತು. ಅವತ್ತು ನನ್ನ ಕೈಯಲ್ಲಿದ್ದ ಟಾರ್ಚ್ ಏನಾಯಿತು? ಕತ್ತಲಾಗಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಮಾರ್ಚ್ ೧೪, ಶುಕ್ರವಾರ

ಟಾರ್ಚುಗಳನ್ನೆಲ್ಲ ಬಿಚ್ಚಿ ಸೆಲ್‌ಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಮಲಗಿಸಿದೆ. ನೋಡಿ ಹೊಟ್ಟೆ ಉರಿಯಿತು. ಒಂದರ ಅಂಚು ನೆಗ್ಗಿದೆ. ಇನ್ನೊಂದರ ತಲೆ ಒಳಕ್ಕೆ ಹೋಗಿದೆ. ಮತ್ತೊಂದರ ಮೇಲಿನ ಹೊದಿಕೆ ಹರಿದು ತಗಡು ಕಾಣುತ್ತಿದೆ. ಟಾರ್ಚಿನ ಮೈಮೇಲೆ ಒಂದು ಗೀರೂ ಇಲ್ಲ, ಪೆಟ್ಟೆಲ್ಲ ಒಳಗೆ ಕೂತ ಸೆಲ್ಲಿಗೆ.

ಸೈಕಲ್ ಟ್ಯೂಬ್ ಕತ್ತರಿಸಿ ಟಾರ್ಚಿಗೆ ಒಂದು ಅಂಗಿ ಮಾಡಿದೆ. ತಲೆಗೆ ದಪ್ಪ ಪಟ್ಟಿ, ಬುಡಕ್ಕೆ ದಪ್ಪ ಪಟ್ಟಿ, ನಡುವೆ ಹಿಡಿಯಲು ಸಣ್ಣ ಉಂಗುರಗಳು. ನೋಡಲು ಚೆನ್ನಾಗಿತ್ತು. ಊರುಗೋಲು ಊರಿ ನಿಂತು ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟೆ. ಆಮೇಲೆ ಎದೆಯೆತ್ತರದಿಂದ. ಆಮೇಲೆ ತಲೆಯ ಮೇಲಿಂದ. ಮಧ್ಯಾಹ್ನವೆಲ್ಲ ಬಿಡುವುದು, ಬಿಚ್ಚುವುದು, ನೋಡುವುದು.

ಕೆಳಗಿನಿಂದ ಟಕ್ ಟಕ್ ಟಕ್ ಎಂದು ಬಂತು. ಕೆಳಮನೆಯ ಹೆಂಗಸು ಪೊರಕೆಯ ಹಿಡಿಯಿಂದ ತನ್ನ ಛಾವಣಿಗೆ ಕುಟ್ಟುತ್ತಿದ್ದಾಳೆ. ನಾನು ಇನ್ನೊಂದು ಸಲ ಬಿಟ್ಟೆ. ಅವಳು ಇನ್ನೊಂದು ಸಲ ಕುಟ್ಟಿದಳು. ಒಟ್ಟಿನಲ್ಲಿ ಮಾತಾಡಲು ಒಬ್ಬರು ಸಿಕ್ಕಂತಾಯಿತು. ಪೊರಕೆಯಮ್ಮ ಎಂದು ಹೆಸರಿಟ್ಟಿದ್ದೇನೆ.

ಮಾರ್ಚ್ ೧೬, ಭಾನುವಾರ

ಪೊರಕೆಯಮ್ಮ ಮೇಲೆ ಬಂದಳು, ಪೊರಕೆ ಇಲ್ಲದೆ. ಹೆಂಡತಿ ಬಾಗಿಲು ತೆಗೆದಳು.

‘ಏನ್ರಮ್ಮ, ನಿಮ್ಮ ಮನೆಯವರು ಮಧ್ಯಾಹ್ನ ಹೊತ್ತು ನೆಲ ಅಗೀತಾರಾ?’

ಹೆಂಡತಿ ಮುಖ ಕೆಂಪಗೆ ಮಾಡಿಕೊಂಡು ಕುರ್ಚಿ ಹಾಕಿದಳು. ನಾನು ತಪ್ಪೊಪ್ಪಿಕೊಳ್ಳುವ ಬದಲು ಟಾರ್ಚ್ ತೋರಿಸಿ ಭಾಷಣ ಮಾಡಿದೆ. ಅಂಗಿ ಹಾಕಿದರೂ ಸೆಲ್ ನೆಗ್ಗುತ್ತಲೇ ಇದೆ, ಇನ್ನೂ ದಪ್ಪ ರಬ್ಬರ್ ಬೇಕು ಅಂದೆ. ಅವಳು ಟಾರ್ಚನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

‘ಒಳಗೆ ಗಡಗಡ ಅಂತಿದೆ. ಹೊರಗೆ ಕಂಬಳಿ ಹೊದಿಸಿ ಏನು ಬಂತು?’ ಅಂದಳು. ‘ನಾನು ಗಾಜಿನ ಬಾಟಲಿ ಕಾರ್ಖಾನೇಲಿ ಪ್ಯಾಕಿಂಗ್ ಮಾಡ್ತಿದ್ದೆ. ಪೆಟ್ಟಿಗೆ ಎಷ್ಟು ಗಟ್ಟಿ ಅಂತ ಯಾರೂ ನೋಡ್ತಿರಲಿಲ್ಲ. ಬಾಟಲಿ ಒಳಗೆ ಅಲುಗಬಾರದು, ಅಷ್ಟೇ. ಅಲುಗಿದ್ರೆ ತನ್ನ ಪೆಟ್ಟಿಗೆಗೇ ಹೊಡ್ಕೊಂಡು ಒಡೆಯುತ್ತೆ.’

ಟೀ ಕುಡಿದು ಹೋದಳು. ಹೋಗುವಾಗ, ಮಧ್ಯಾಹ್ನ ತಾನು ಮಲಗುವ ಹೊತ್ತು ಬಿಟ್ಟು ಬೇರೆ ಯಾವಾಗ ಬೇಕಾದರೂ ನೆಲ ಅಗೆಯಬಹುದು ಎಂದು ಅಪ್ಪಣೆ ಕೊಟ್ಟಳು.

ಇಂಥ ಸಣ್ಣ ವಿಷಯ ನನಗೇ ಹೊಳೆಯಬೇಕಿತ್ತು. ಸಿಟ್ಟು ಬಂತು.

ಮಾರ್ಚ್ ೨೩, ಭಾನುವಾರ

ವಾರವೆಲ್ಲ ಒಳಂಗಿಯ ಕೆಲಸ. ಮೊದಲು ಸೆಲ್ಲಿನ ಎರಡೂ ತುದಿಗೆ ಸ್ಪಂಜು ಇಟ್ಟೆ. ಅಲುಗಾಟ ನಿಂತಿತು, ಟಾರ್ಚೂ ಹತ್ತಲಿಲ್ಲ. ಲೋಹಕ್ಕೆ ಲೋಹ ತಾಗಬೇಡವೇ? ನನ್ನ ಬುದ್ಧಿಗೆ ನಾನೇ ನಕ್ಕೆ. ಈಗ ಸೆಲ್ಲಿನ ತಲೆಯ ಸುತ್ತ ರಬ್ಬರಿನ ತೆಳು ಬಳೆ ಕೂರಿಸಿದ್ದೇನೆ. ನಡುವಿನ ಲೋಹದ ತುದಿ ಹೊರಗೆ ಇಣುಕಿ ತಾಗುತ್ತದೆ, ಪೆಟ್ಟು ಬಿದ್ದರೆ ಭಾರವನ್ನು ಬಳೆ ಹೊರುತ್ತದೆ. ಮೈಗೆ ದಪ್ಪ ಪ್ಲಾಸ್ಟಿಕ್ ಹಾಳೆಯ ಒಂದು ಸುತ್ತು, ಅಕ್ಕಪಕ್ಕ ಅಲುಗದಂತೆ. ಬುಡಕ್ಕೆ ಇನ್ನೊಂದಿಷ್ಟು ಬಿಗಿಯಾದ ಸ್ಪ್ರಿಂಗ್. ಮಣಿಕಟ್ಟಿಗೆ ಒಂದು ದಾರ, ಬೀಳುವುದೇ ಬೇಡ ಎಂದು.

ತಲೆಯ ಮೇಲಿಂದ ಬಿಟ್ಟೆ. ಬಿಚ್ಚಿ ನೋಡಿದರೆ ಸೆಲ್ಲಿನ ಮೇಲೆ ಒಂದು ಗುರುತೂ ಇಲ್ಲ. ಕೆಳಗಿನಿಂದ ಒಂದೇ ಒಂದು ಟಕ್ ಬಂತು. ಅದು ಮೆಚ್ಚುಗೆಯ ಟಕ್ ಎಂದು ತಿಳಿದುಕೊಂಡೆ.

ಮೀಸೆ ಬಂದಾಗ ತೋರಿಸಿದೆ. ಅಂಗಿ ಹಾಕಿದ ಟಾರ್ಚನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ‘ಟೋಪಿ ಎಲ್ಲಿ?’ ಅಂದ. ನಗಾಡಿದೆವು. ಆಮೇಲೆ ಕೇಳಿದೆ.

‘ಅವತ್ತು ನನ್ನ ಕೈಲಿದ್ದದ್ದು ಎಲ್ಲಿ?’

‘ಯಾವುದು?’

‘ಟಾರ್ಚ್ ಕಣೋ. ನನ್ನ ಜೊತೆ ಬಿದ್ದದ್ದು.’

‘ಇರಬೇಕು ಎಲ್ಲೋ’ ಎಂದು ಚಪ್ಪಲಿ ಹಾಕಿಕೊಳ್ಳತೊಡಗಿದ. ಟೀ ಇನ್ನೂ ಬಿಸಿ ಇತ್ತು.

ಎಲ್ಲೋ ಅಂದರೆ ಏನರ್ಥ? ಉಳಿದವುಗಳ ಜೊತೆ ಇದೆ ಅಂದ ಹಾಗಾಯಿತು. ಯಾರ ಕೈಯಲ್ಲಿ ಯಾವತ್ತು ಕೈಕೊಡುತ್ತದೋ. ಈಗ ನನಗೆ ಸ್ಪಷ್ಟವಾಗಿ ನೆನಪಾಗುತ್ತಿದೆ. ನಾನು ಜಾರುವ ಮೊದಲೇ ಬೆಳಕು ಒಂದು ಸಲ ಮಿಟುಕಿತು.

ಮಾರ್ಚ್ ೨೮, ಶುಕ್ರವಾರ

ಅಕ್ಷರ ಸೊಟ್ಟಗಾಗಿದೆ, ಕ್ಷಮಿಸಬೇಕು. ಯಾರು ಕ್ಷಮಿಸಬೇಕೋ ಗೊತ್ತಿಲ್ಲ.

ಬಿದ್ದ ಸೆಲ್ ಚಾರ್ಜಿಗೆ ಹಾಕಿದರೆ ಏನಾಗುತ್ತದೆ ನೋಡೋಣ ಎಂದು ಅಂಚು ನೆಗ್ಗಿದ ಒಂದನ್ನು ಚಾರ್ಜರಿಗೆ ಹಾಕಿದೆ. ಸ್ಟೀಲ್ ತಟ್ಟೆಯ ಮೇಲೆ ಇಟ್ಟಿದ್ದೆ, ಅಷ್ಟು ಬುದ್ಧಿ ಇತ್ತು. ಮೊದಲು ಬೆಚ್ಚಗಾಯಿತು. ಮುಟ್ಟಿದರೆ ಸುಡುವಷ್ಟಾಯಿತು. ಪ್ಲಗ್ ಕಿತ್ತೆ. ಆದರೂ ಬಿಸಿ ಏರುತ್ತಲೇ ಇತ್ತು. ಹೊಟ್ಟೆ ಉಬ್ಬಿತು, ಉಗುರಿಗೆ ಹಚ್ಚುವ ಬಣ್ಣದ್ದರಂಥ ಒಂದು ಸಿಹಿ ವಾಸನೆ ಬಂತು, ಆಮೇಲೆ ಬುಸ್ಸೆಂದು ಹೊಗೆ.

ಬಾಗಿಲಿಗೆ ಬೀಗ. ನಾನು ಒಳಗೆ, ಅದೂ ಒಳಗೆ.

ನೆಲಕ್ಕೆ ಕೂತು ಊರುಗೋಲಿನಿಂದ ತಟ್ಟೆಯನ್ನು ಬಾಲ್ಕನಿಯವರೆಗೆ ತಳ್ಳಿದೆ. ಅಲ್ಲಿ ಗಿಡ ಒಣಗಿದ ಹೂವಿನ ಕುಂಡವಿದೆ. ಅದನ್ನು ತಟ್ಟೆಯ ಮೇಲೆ ಉರುಳಿಸಿ ಮಣ್ಣೆಲ್ಲ ಸುರಿದೆ. ಮಣ್ಣಿನೊಳಗೂ ಅದು ಸ್ವಲ್ಪ ಹೊತ್ತು ಗೊರಗುಟ್ಟಿತು. ಅಷ್ಟರಲ್ಲಿ ಪೊರಕೆಯಮ್ಮ ಕೀಲಿ ತಿರುಗಿಸಿ ಒಳಗೆ ಬಂದಿದ್ದಳು, ಕೈಯಲ್ಲಿ ಬಕೆಟ್. ‘ಬದುಕಿದ್ದೀರಾ?’ ಅಂದಳು. ನನಗೆ ಯಾಕೋ ನಗು ಬಂದು ನಿಲ್ಲಲಿಲ್ಲ. ಅವಳು ನನ್ನನ್ನು ಎಬ್ಬಿಸಲು ಬಂದಳು. ಬಾಲ್ಕನಿಯ ಕಂಬಿಯ ಕಡೆ ಬೇಡ, ಒಳಗಡೆಗೆ ಎಳೆಯಿರಿ ಅಂದೆ. ಕಂಬಿಯ ಆಚೆ ನೋಡಲು ಮನಸ್ಸಾಗಲಿಲ್ಲ, ಹೊಗೆ ಕಣ್ಣಿಗೆ ಹೋಗಿತ್ತು.

ಹೆಂಡತಿ ಬಂದು ಪೆಟ್ಟಿಗೆಯನ್ನು ಹೊರಗೆಸೆಯುತ್ತೇನೆ ಎಂದು ಹಾರಾಡಿದಳು. ನೆಗ್ಗಿದ ಸೆಲ್‌ಗಳನ್ನೆಲ್ಲ ಮರಳಿನ ಡಬ್ಬಿಯಲ್ಲಿ ಹಾಕಿ ಕೆಳಗಿನ ಅಂಗಳಕ್ಕೆ ಕಳಿಸಿದ ಮೇಲೆಯೇ ಅಡುಗೆಮನೆಗೆ ಹೋದದ್ದು. ಬಯ್ಯಲಿ. ನನ್ನ ಮಾತು ಸಾಬೀತಾಯಿತಲ್ಲ. ಬಿದ್ದ ಸೆಲ್ ನಂಬಿಕೆಗೆ ಅರ್ಹವಲ್ಲ. ಅಂಥದ್ದೊಂದನ್ನು ಅವತ್ತು ನನ್ನ ಕೈಗೆ ಕೊಟ್ಟಿದ್ದರು.

ಏಪ್ರಿಲ್ ೨, ಬುಧವಾರ

ದೊಡ್ಡ ಆಫೀಸಿನಿಂದ ಫೋನ್. ಸುರಕ್ಷತಾ ಅಧಿಕಾರಿ ಹದಿನೇಳನೇ ತಾರೀಖು ಮನೆಗೇ ಬಂದು ನನ್ನ ಹೇಳಿಕೆ ತೆಗೆದುಕೊಳ್ಳುತ್ತಾರಂತೆ. ಬಹಳ ಖುಷಿಯಾಯಿತು. ನನಗೂ ಹೇಳುವುದಿದೆ. ಟಾರ್ಚ್ ಆರಿತ್ತು ಎಂದು ಫೋನಿನಲ್ಲೇ ಜೋರಾಗಿ ಹೇಳಿದೆ.

ಹೆಂಡತಿಯ ಮುಂದೆ ಒಂದು ಸಲ ಹೇಳಿ ನೋಡಿಕೊಂಡೆ. ಏಣಿಯ ಅರ್ಧದಲ್ಲಿದ್ದೆ, ಬೆಳಕು ಮಿಟುಕಿತು, ಮತ್ತೆ ಬಂತು, ಪೂರ್ತಿ ಆರಿತು. ಕಾಲಿಡುವ ಜಾಗ ಕಾಣದೆ ಬಿದ್ದೆ. ಮೊದಲೇ ಬಿದ್ದು ಪೆಟ್ಟಾದ ಟಾರ್ಚನ್ನು ನೋಡದೆ ವಾಪಸ್ ಇಟ್ಟದ್ದೇ ಕಾರಣ.

‘ಮೊದಲು ಕಾಲು ಜಾರಿತು ಅಂದಿದ್ರಿ’ ಅಂದಳು.

‘ಕತ್ತಲಲ್ಲಿ ಜಾರದೆ ಏನಾಗುತ್ತೆ?’

ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ‘ಟಾರ್ಚ್ ಕೊಡೋದು ಮೀಸೆ ಅಲ್ವಾ? ನೀವು ಹೀಗೆ ಹೇಳಿದ್ರೆ ಅವನನ್ನ ಕೆಲಸದಿಂದ ತೆಗೀತಾರೆ.’

ನಾನು ಟಾರ್ಚಿನ ವಿಷಯ ಹೇಳುತ್ತಿದ್ದೇನೆ, ಮನುಷ್ಯರ ವಿಷಯ ಅಲ್ಲ ಅಂದೆ. ಅವಳಿಗೆ ನಮ್ಮ ಕೆಲಸದ ಕಷ್ಟ ಗೊತ್ತಿಲ್ಲ. ಏಣಿಯ ಮೇಲೆ ತಲೆ ಸುತ್ತಿ, ಇಲ್ಲವೇ ಹೆದರಿ ಬಿದ್ದವನನ್ನು ಮತ್ತೆ ಬಾವಿಗೆ ಇಳಿಸುವುದಿಲ್ಲ. ಅವನ ಹೆಸರು ಪಾಳಿಯಿಂದ ಹೋಗುತ್ತದೆ, ಒಂದು ಮೂಲೆಯಲ್ಲಿ ಸ್ಟೂಲ್ ಹಾಕಿ ಕೂರಿಸುತ್ತಾರೆ. ನಾನು ಅಂಥವನಲ್ಲ. ಅಷ್ಟು ವರ್ಷ ಇಳಿದವನು ಹೆದರುತ್ತೇನೆಯೇ?

ಏಪ್ರಿಲ್ ೯, ಬುಧವಾರ

ಪ್ಲಾಸ್ಟರ್ ಬಿಚ್ಚಿದರು. ಕಾಲು ನನ್ನದಲ್ಲ ಅನ್ನಿಸುವಷ್ಟು ಸಣ್ಣಗಾಗಿದೆ. ಡಾಕ್ಟರ್ ಮೂಳೆ ಕೂಡಿದೆ, ಕೋಲು ಹಿಡಿದು ಓಡಾಡಿ, ಮೆಟ್ಟಿಲು ಹತ್ತಿ ಇಳಿಯಿರಿ ಅಂದರು. ಹೋಗುವಾಗಲೂ ಬರುವಾಗಲೂ ಕುರ್ಚಿಯ ಮೇಲೆಯೇ ಹೊತ್ತರು. ಮೆಟ್ಟಿಲ ಹತ್ತಿರ ಬಲ್ಬು ಇರಲಿಲ್ಲ, ಏನೂ ಕಾಣುತ್ತಿರಲಿಲ್ಲ. ಇಷ್ಟು ದೊಡ್ಡ ಕಟ್ಟಡದ ಮಾಲೀಕನಿಗೆ ಒಂದು ಬಲ್ಬು ಹಾಕಿಸಲು ಏನು ರೋಗ?

ಏಪ್ರಿಲ್ ೧೨, ಶನಿವಾರ

ಇವತ್ತು ಇಳಿಯೋಣ ಎಂದುಕೊಂಡೆ. ಆದರೆ ಅಂಗಿಗಳು ಇನ್ನೂ ಬಾಕಿ ಇವೆ. ಅಧಿಕಾರಿ ಬರುವಷ್ಟರಲ್ಲಿ ಒಳಂಗಿ ಹೊರಂಗಿ ಎಲ್ಲ ಸಿದ್ಧವಾಗಿ ಸಾಲಾಗಿ ಇರಬೇಕು. ಪೊರಕೆಯಮ್ಮ, ಅಲ್ಲ, ಕೆಳಮನೆಯ ಅಕ್ಕ ಬಂದು ಬಳೆ ಕತ್ತರಿಸಿಕೊಟ್ಟರು. ಅವರ ಕೈ ನನಗಿಂತ ನೇರ.

ನಿನ್ನೆ ಹೆಂಡತಿ ‘ಇನ್ನು ಬೀಗ ಯಾಕೆ?’ ಎಂದು ಕೀಲಿಯನ್ನು ಮೇಜಿನ ಮೇಲೆ ಇಟ್ಟಳು. ಹಾಕಿಕೊಂಡೇ ಹೋಗು ಅಂದೆ. ಯಾರ್ಯಾರೋ ಬಾಗಿಲು ತಟ್ಟುತ್ತಾರೆ, ಕೆಲಸಕ್ಕೆ ಅಡ್ಡಿ. ಅವಳು ನನ್ನ ಮುಖ ನೋಡಿ, ಹಾಕಿಕೊಂಡು ಹೋದಳು.

ಮೆಟ್ಟಿಲ ಬಲ್ಬಿನ ಬಗ್ಗೆ ಮಾಲೀಕನಿಗೆ ಹೇಳು ಎಂದು ಮತ್ತೆ ನೆನಪಿಸಿದೆ. ಉರೀತಾ ಇದೆಯಲ್ಲ ಅಂದಳು. ಅವಳು ಹೋಗುವ ಬರುವ ಹೊತ್ತಿಗೆ ಮಾತ್ರ ಉರಿಯುತ್ತದೋ ಏನೋ.

ಏಪ್ರಿಲ್ ೧೩, ಭಾನುವಾರ

ಮೀಸೆ ಬರಲಿಲ್ಲ. ಹೇಳಿಕೆಯ ವಿಷಯ ಅವನ ಕಿವಿಗೆ ಬಿದ್ದಿರಬೇಕು. ಬೇಜಾರಾದರೆ ಆಗಲಿ, ಮುಂದೆ ಒಬ್ಬನ ಜೀವ ಉಳಿದರೆ ಸಾಕು.

ಟೀ ಎರಡು ಲೋಟ ಮಾಡಿಟ್ಟಿದ್ದೆ. ಎರಡನ್ನೂ ನಾನೇ ಕುಡಿದೆ.

ಏಪ್ರಿಲ್ ೧೫, ಮಂಗಳವಾರ

ಹೆಂಡತಿ ಅರ್ಧ ದಿನ ರಜೆ ಹಾಕಿ ಬಂದು ‘ಇವತ್ತು ಇಳೀತೀರಿ’ ಅಂದಳು. ಕೇಳಿದ್ದಲ್ಲ, ಹೇಳಿದ್ದು. ನನ್ನ ಶರ್ಟಿನ ಗುಂಡಿಯನ್ನೂ ಅವಳೇ ಹಾಕಿದಳು.

ಬಾಗಿಲ ಹೊರಗೆ ಬಂದೆವು. ಅವಳು ಎರಡು ಮೆಟ್ಟಿಲು ಕೆಳಗೆ, ನನ್ನ ಕಡೆ ಮುಖ ಮಾಡಿ ನಿಂತಳು. ನಾನು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಂಬಿ ಹಿಡಿದೆ. ಕಾಲು ಮುಂದಿಟ್ಟೆ.

‘ಮೊದಲು ಬಲ್ಬು ಹಾಕಿಸು. ಕಾಲಿಡೋ ಜಾಗ ಕಾಣ್ತಿಲ್ಲ’ ಅಂದೆ.

ಅವಳು ಒಂದು ಮೆಟ್ಟಿಲು ಮೇಲೆ ಬಂದಳು. ಆಮೇಲೆ ಬಹಳ ಮೆಲ್ಲಗೆ, ನಿದ್ದೆಯಲ್ಲಿದ್ದವರನ್ನು ಎಬ್ಬಿಸುವ ಹಾಗೆ ಹೇಳಿದಳು.

‘ರೀ, ಕಣ್ಣು ಬಿಡಿ.’

ಬಿಟ್ಟೆ. ಹಾಡುಹಗಲು. ತಿರುವಿನ ಕಿಟಕಿಯಿಂದ ಬಿಸಿಲು ಮೆಟ್ಟಿಲುಗಳ ಮೇಲೆಲ್ಲ ಬಿದ್ದಿತ್ತು. ಬಲ್ಬೂ ಉರಿಯುತ್ತಿತ್ತು.

ನಾನು ಕಣ್ಣು ಮುಚ್ಚಿದ್ದು ನನಗೆ ಗೊತ್ತೇ ಇರಲಿಲ್ಲ. ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದೆ.

ಏಪ್ರಿಲ್ ೧೬, ಬುಧವಾರ

ಬೆಳಿಗ್ಗೆಯಿಂದ ಫೋನ್ ಕೈಗೆ ತೆಗೆದುಕೊಳ್ಳುವುದು, ಇಡುವುದು. ಕೊನೆಗೆ ಮೀಸೆಗೆ ಮಾಡಿದೆ. ಅವನು ಊಟಕ್ಕೆ ಕೂತಿದ್ದ, ಅಗಿಯುವ ಸದ್ದು ಕೇಳಿಸುತ್ತಿತ್ತು.

‘ಅವತ್ತು ಬಿದ್ದ ಮೇಲೆ ನಾನು ಏನಾದ್ರೂ ಕೂಗಿದ್ನಾ?’

ಅಗಿಯುವ ಸದ್ದು ನಿಂತಿತು.

‘ಯಾಕೆ ಈಗ?’

‘ಹೇಳೋ.’

‘ಲೈಟ್ ಹಾಕೋ, ಲೈಟ್ ಹಾಕೋ ಅಂತ ಕೂಗ್ತಿದ್ದೆ.’

‘ಟಾರ್ಚ್ ಆರಿಹೋಗಿತ್ತಲ್ಲ, ಅದಕ್ಕೆ.’

ತಟ್ಟೆ ಪಕ್ಕಕ್ಕೆ ಸರಿಸಿದ ಸದ್ದು ಬಂತು.

‘ಇಲ್ಲ ಅಣ್ಣ’ ಅಂದ. ‘ಮೇಲಿಂದಾನೇ ನನಗೆ ಕಾಣ್ತಿತ್ತು, ಕೆಳಗೆ ಬಿದ್ಕೊಂಡು ಉರೀತಾ ಇತ್ತು. ಆ ಬೆಳಕಲ್ಲೇ ನಾನು ಇಳಿದು ಬಂದದ್ದು. ನಿನ್ನ ಮುಖದ ಮೇಲೇ ಬೀಳ್ತಿತ್ತು ಲೈಟು. ನೀನು ಕಣ್ಣು ಗಟ್ಟಿಯಾಗಿ ಮುಚ್ಕೊಂಡು ಕೂಗ್ತಿದ್ದೆ. ಬೀಳೋ ಮೊದಲೂ ಏಣಿ ಮೇಲೆ ನಿಂತ್ಬಿಟ್ಟಿದ್ದೆ. ಏನಾಯ್ತು ಅಂತ ಕೇಳಿದ್ರೆ ಉತ್ತರ ಇಲ್ಲ.’

‘ಇಷ್ಟು ದಿನ ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ನಿನ್ನನ್ನ ಮತ್ತೆ ಇಳಿಸ್ತಾರಾ?’

‘ಟಾರ್ಚಿನ ತಪ್ಪು ಅಂತ ನಾನು ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ.’

‘ಹೋದ್ರೆ ಬೇರೆ ನೋಡ್ಕೊಳ್ತೀನಿ. ನಿನಗೆ ಬಾವಿ ಬಿಟ್ರೆ ಬೇರೇನು ಬರುತ್ತೆ?’ ಎಂದು ನಕ್ಕ. ‘ಊಟ ತಣ್ಣಗಾಗ್ತಿದೆ, ಇಡ್ತೀನಿ.’

ಅವನು ಬಾವಿಗೆ ಇಳಿದದ್ದು ಅವತ್ತೇ ಮೊದಲು. ಅದನ್ನು ನಾನು ಇಲ್ಲಿಯವರೆಗೆ ಒಂದು ಸಾಲಿನಲ್ಲೂ ಬರೆದಿಲ್ಲ. ನಾಚಿಕೆಯಾಗುತ್ತಿದೆ. ಹೆದರಿಕೆಯೂ ಆಗುತ್ತಿದೆ, ಅದು ಬೇರೆ. ನಾಳೆ ಏನು ಹೇಳುವುದು? ಟಾರ್ಚ್ ಆರಿತು ಅಂದರೆ ಎಲ್ಲರೂ ನಂಬುತ್ತಾರೆ, ಸುಟ್ಟ ಸೆಲ್ ಸಾಕ್ಷಿ ಇದೆ. ಮೀಸೆಯೂ ಅಲ್ಲ ಅನ್ನುವುದಿಲ್ಲ. ನಾನು ಮತ್ತೆ ಬಾವಿಗೆ ಹೋಗಬಹುದು. ಆದರೆ ಮೆಟ್ಟಿಲೇ ಇಳಿಯಲಾಗದವನು ಬಾವಿಗೆ ಹೋಗಿ ಮಾಡುವುದೇನು?

ಏಪ್ರಿಲ್ ೧೭, ಗುರುವಾರ

ಅಧಿಕಾರಿ ಸಣ್ಣ ವಯಸ್ಸಿನ ಹೆಣ್ಣುಮಗಳು. ನಾಲ್ಕು ಮಹಡಿ ಹತ್ತಿ ಉಸಿರು ಬಿಡುತ್ತ ಬಂದಳು. ಕೆಳಮನೆಯ ಅಕ್ಕನೇ ಬೀಗ ತೆಗೆದು ಒಳಗೆ ಬಿಟ್ಟರು. ಹೆಂಡತಿ ಬೇಕೆಂದೇ ಕೆಲಸಕ್ಕೆ ಹೋಗಿದ್ದಳು. ‘ನಾನಿದ್ರೆ ನೀವು ನನ್ನ ಮುಖ ನೋಡಿ ಮಾತಾಡ್ತೀರಿ’ ಅಂದಿದ್ದಳು.

ಮೇಜಿನ ಮೇಲೆ ಅಂಗಿ ತೊಟ್ಟ ಟಾರ್ಚುಗಳು ಸಾಲಾಗಿ ನಿಂತಿದ್ದವು. ಅವಳು ಅವುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಕುಶಲ ಕೇಳಿ, ನೀರು ಕುಡಿದು, ಪೆನ್ನು ತೆಗೆದಳು.

‘ಟಾರ್ಚ್ ಆರಿದ್ದು ಏಣಿ ಮೇಲಿದ್ದಾಗಲಾ, ಬಿದ್ದ ಮೇಲಾ?’

ಅಂದರೆ ಆರಿದ್ದು ಆಫೀಸಿನಲ್ಲಿ ಆಗಲೇ ತೀರ್ಮಾನವಾಗಿತ್ತು. ನಾನು ಫೋನಿನಲ್ಲಿ ಅಷ್ಟು ಜೋರಾಗಿ ಹೇಳಿದ್ದೆ.

‘ಆರಲಿಲ್ಲ’ ಅಂದೆ.

‘ಏನಂದ್ರಿ?’

‘ಟಾರ್ಚ್ ಆರಲಿಲ್ಲಮ್ಮ. ಚೆನ್ನಾಗಿ ಉರೀತಿತ್ತು. ನನಗೆ ಏಣಿ ಮೇಲೆ ಹೆದರಿಕೆ ಆಯ್ತು. ಯಾಕೆ ಅಂತ ಗೊತ್ತಿಲ್ಲ. ಕಣ್ಣು ಮುಚ್ಕೊಂಡೆ, ಬಿದ್ದೆ. ಮೇಲಿದ್ದವನು ಹಗ್ಗ ಬಿಗಿ ಹಿಡಿದ, ಅದಕ್ಕೆ ಉಳಿದಿದ್ದೀನಿ.’

ಅವಳ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

‘ಇದನ್ನ ಬರೆದರೆ ನಿಮ್ಮನ್ನ ಮತ್ತೆ ಕೆಳಗೆ ಇಳಿಸಲ್ಲ. ಗೊತ್ತಲ್ಲ?’

‘ಗೊತ್ತು.’

‘ಈಗ ಹೇಗಿದ್ದೀರಿ? ಆ ಹೆದರಿಕೆ?’

‘ಹಾಗೇ ಇದೆ.’

ಬರೆದುಕೊಂಡಳು. ನಾನು ಟಾರ್ಚುಗಳ ವಿಷಯವನ್ನೂ ಹೇಳಿದೆ. ನಾನು ಬಿದ್ದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಬಿದ್ದ ಸೆಲ್ಲನ್ನು ತೊಡೆಗೆ ಬಡಿದು ವಾಪಸ್ ಇಡುವುದು ನಿಲ್ಲಬೇಕು. ತೆಗೆದು ನೋಡಬೇಕು, ನೆಗ್ಗಿದ್ದರೆ ಚಾರ್ಜಿಗೆ ಹಾಕಲೇಬಾರದು. ಹಾಗೆ ಬಡಿದವರಲ್ಲಿ ನಾನೂ ಒಬ್ಬ, ಅದನ್ನೂ ಬರೆದುಕೊಳ್ಳಿ ಅಂದೆ. ಅವಳು ಒಂದು ಟಾರ್ಚನ್ನು ಬಿಚ್ಚಿ, ಬಳೆಯನ್ನು ಬೆರಳಿನಿಂದ ಒತ್ತಿ ನೋಡಿ, ತೆಗೆದುಕೊಂಡು ಹೋಗಲೇ ಎಂದು ಕೇಳಿದಳು. ಬಾಗಿಲ ಹತ್ತಿರ ನಿಂತು, ‘ನಿಮ್ಮ ಜೊತೆಯವರು ಕೆಳಗೆ ರಸ್ತೆಯಲ್ಲಿದ್ದಾರೆ. ವಿಚಾರಣೆ ಮುಗಿಯೋವರೆಗೂ ಮೇಲೆ ಬರಬೇಡಿ ಅಂದಿದ್ದೆ’ ಅಂದಳು.

ಅವಳು ಹೋದ ಮೇಲೆ ಬಾಗಿಲು ತೆರೆದೇ ಇತ್ತು. ಮೀಸೆ ಬರುತ್ತಾನೆ ಎಂದು ಕಾದೆ. ಬರಲಿಲ್ಲ. ಮುಖ ತೋರಿಸಲು ಹಿಂಜರಿಯುತ್ತಿದ್ದಾನೆ ಅನ್ನಿಸಿತು. ಹಿಂಜರಿಯಬೇಕಾದವನು ನಾನು. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಕೋಲು ತೆಗೆದುಕೊಂಡೆ.

ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಒಂದೊಂದು ಮೆಟ್ಟಿಲಿಗೂ ಕಣ್ಣು ತಾನಾಗಿಯೇ ಮುಚ್ಚಲು ನೋಡುತ್ತಿತ್ತು. ಏನಾದರೂ ಒಂದನ್ನು ನೋಡುತ್ತಲೇ ಇರೋಣ ಎಂದು ಹೊರಟೆ. ಕೆಳಮನೆಯ ಕಾಲೊರಸಿನಲ್ಲಿ ಬಾತುಕೋಳಿಯ ಚಿತ್ರವಿದೆ. ಎರಡನೇ ಮಹಡಿಯ ಗೋಡೆಯ ಮೇಲೆ ಯಾವುದೋ ಮಗು ಸೀಮೆಸುಣ್ಣದಿಂದ ಉದ್ದ ಕಾಲಿನ ಮನುಷ್ಯನನ್ನು ಬರೆದಿದೆ. ಒಂದು ಕಡೆ ಕೂತುಬಿಟ್ಟೆ. ಅಲ್ಲಿಂದ ಕೆಲವನ್ನು ಕೂತೇ ಇಳಿದೆ. ಮರ್ಯಾದೆ ನೋಡಲು ಯಾರೂ ಇರಲಿಲ್ಲ.

ಮೀಸೆ ಎದುರುಗಡೆ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಓಡಿ ಬಂದು ಹಿಡಿದುಕೊಳ್ಳಲಿಲ್ಲ, ನಾನು ರಸ್ತೆ ದಾಟುವವರೆಗೆ ನನ್ನ ಕಾಲನ್ನೇ ನೋಡುತ್ತ ನಿಂತಿದ್ದ.

‘ಆಫೀಸಿನ ಆಯಮ್ಮ ಹೇಳಿದ್ರು’ ಅಂದ. ‘ಎಲ್ಲಾ ಹಾಳು ಮಾಡ್ಕೊಂಡೆ.’

‘ಹ್ಞೂಂ.’

‘ನಿನ್ನ ಜಾಗಕ್ಕೆ ನಾನು ಇಳೀತೀನಿ ಅಂತ ಹೇಳಿದ್ದೀನಿ. ಅವತ್ತು ಒಂದು ಸಲ ಇಳಿದಾಯ್ತಲ್ಲ, ಇನ್ನೇನು. ಮೇಲೆ ನೀನು ಇರ್ತೀಯ ಅಂದ್ರೆ ಮಾತ್ರ ಅಂದೆ. ನೋಡೋಣ ಅಂದ್ರು.’

ಇಬ್ಬರೂ ಕಟ್ಟೆಯ ಮೇಲೆ ಕೂತೆವು. ನನಗೆ ಒಂದು ಕಡೆ ಸಂಕಟ, ಇನ್ನೊಂದು ಕಡೆ ಹಗುರ. ಮೇಲೆ ನಿಂತು ಹಗ್ಗ ಹಿಡಿಯುವುದು ಎಷ್ಟೋ ವಾಸಿ, ಗಟ್ಟಿ ನೆಲ, ಬೆಳಕು, ಗಾಳಿ. ಅದನ್ನೇ ಬಾಯಿಬಿಟ್ಟು ಹೇಳಿದೆ.

‘ಹೋಗಲಿ ಬಿಡು, ಮೇಲಿನ ಕೆಲಸ ಆದ್ರೆ ನನಗೆ ಹೆದರಿಕೆ ಇರಲ್ಲ.’

ಮೀಸೆ ನನ್ನ ಕಡೆ ತಿರುಗಿದ. ಇಷ್ಟು ವರ್ಷದಲ್ಲಿ ಅವನು ನನ್ನನ್ನು ಹಾಗೆ ನೋಡಿದ್ದು ನೆನಪಿಲ್ಲ.

‘ಹಾಗಂತ ಯಾರು ಹೇಳಿದ್ರು ನಿನಗೆ?’ ಅಂದ. ‘ನೀನು ಕೆಳಗೆ ಹೋದಾಗೆಲ್ಲ, ಪ್ರತಿ ಸಲ, ನಾನು ಮೇಲೆ ನಿಂತು ಸತ್ತಿದ್ದೀನಿ ಅಣ್ಣ. ಇನ್ನು ನಿನ್ನ ಸರದಿ.’